ಶೂ ಸೋಲ್‌ನಿಂದ ಫ್ರಿಜ್ಜಿನವರೆಗೆ: ಪಿಯು ಹೇಗೆ ತಯಾರಾಗುತ್ತದೆ?

ಪ್ರಶ್ನೆ: ಸರ್, ನಾನು ಕುಂದಾಪುರದವನು. ಐದು ವರ್ಷದ ಹಿಂದೆ ಒಂದು ಜೊತೆ ಶೂ ಕೊಂಡಿದ್ದೆ. ಹಾಕಿದ್ದು ನಾಲ್ಕೇ ಸಲ, ಉಳಿದ ದಿನವೆಲ್ಲ ಡಬ್ಬದಲ್ಲಿ ಜೋಪಾನವಾಗಿತ್ತು. ಮೊನ್ನೆ ಮದುವೆಗೆ ಹಾಕಿಕೊಂಡು ಹೋದರೆ ಊಟದ ಹಾಲ್ ತಲುಪುವುದರೊಳಗೆ ಸೋಲ್ ಪುಡಿಪುಡಿ. ಅಂಗಡಿಯವರು “ಅದು ಪಿಯು ಸೋಲ್, ಹಾಗೇ ಆಗೋದು” ಅಂದರು. ನಮ್ಮ ಹಾಸಿಗೆಯೂ ಪಿಯು ಫೋಮ್, ಬಾಗಿಲಿಗೆ ಹೊಡೆಸಿದ್ದೂ ಪಿಯು ಪಾಲಿಶ್, ಫ್ರಿಜ್ಜಿನ ಗೋಡೆಯೊಳಗೂ ಪಿಯು ಅಂತೆ. ಇವೆಲ್ಲ ಒಂದೇ ವಸ್ತುವಾ? ಹೇಗೆ ಮಾಡುತ್ತಾರೆ? ಮನೆ ಹಿಂದಿನ ಶೆಡ್ಡಿನಲ್ಲಿ ಕುಶನ್ ಫೋಮ್ ಮಾಡುವ ಸಣ್ಣ ಘಟಕ ಹಾಕೋಣ ಅಂತ ಆಸೆ ಇದೆ. ಆದರೆ ಭೋಪಾಲದ ಗ್ಯಾಸೂ ಇದೇ ಜಾತಿಯದು ಅಂತ ಒಬ್ಬರು ಹೆದರಿಸಿದ್ದಾರೆ. ನಿಜವಾ?

ಉತ್ತರ: ನಿಮ್ಮನ್ನು ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಿಯು ಅಂದರೆ ಏನು ಅಂತ ನೋಡೋಣ.

ಪಿಯು ಅಂದರೆ ಪಾಲಿಯುರೆಥೇನ್. ಅದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಪಲ್ಯ ಅಂದ ಹಾಗೆ. ಬೀನ್ಸ್‌ದೂ ಪಲ್ಯವೇ, ಹಾಗಲಕಾಯಿಯದೂ ಪಲ್ಯವೇ. ಈ ಕುಟುಂಬದವರಿಗೆಲ್ಲ ಸಮಾನವಾಗಿರುವುದು ಒಂದೇ ಒಂದು ಗಂಟು. ಒಂದು ಕಡೆ ಐಸೊಸಯನೇಟ್ ಅನ್ನುವ ರಾಸಾಯನಿಕ, ಇನ್ನೊಂದು ಕಡೆ ಪಾಲಿಯಾಲ್. ಐಸೊಸಯನೇಟಿನ ತುದಿಯಲ್ಲಿ ಸಾರಜನಕ, ಇಂಗಾಲ, ಆಮ್ಲಜನಕ ಸಾಲಾಗಿ ನಿಂತ ಒಂದು ಗುಂಪಿದೆ. ಅದಕ್ಕೆ ಎನ್‌ಸಿಓ ಅನ್ನುತ್ತಾರೆ. ಪಾಲಿಯಾಲ್‌ನ ತುದಿಯಲ್ಲಿರುವುದು ಓಎಚ್, ಮದ್ಯಸಾರದಲ್ಲಿ ಇರುತ್ತದಲ್ಲ ಅದೇ ಗುಂಪು. ಇವೆರಡೂ ಸೇರಿದರೆ ಬೀಳುವ ಗಂಟೇ ಯುರೆಥೇನ್. ಇಲ್ಲಿ ಪಕ್ಕಕ್ಕೆ ಬೀಳುವ ಕಸ ಇಲ್ಲ. ನೈಲಾನ್, ಪಾಲಿಯೆಸ್ಟರ್ ಮಾಡುವಾಗ ನೀರು ಹೊರಬರುತ್ತದೆ, ಅದನ್ನು ತೆಗೆಯುತ್ತಾ ಇರಬೇಕು. ಇಲ್ಲಿ ಎರಡು ದ್ರವ ಸುರಿದು ಕಲಕಿದರೆ ಅದೇ ಗಟ್ಟಿಯಾಗುತ್ತದೆ. ಹಾಗಾಗಿಯೇ ಇದನ್ನು ಅಚ್ಚಿನಲ್ಲಿ, ಗೋಡೆಯ ಸಂದಿನಲ್ಲಿ, ಮರದ ಮೇಲೆ, ಎಲ್ಲಿ ಬೇಕೋ ಅಲ್ಲೇ ತಯಾರು ಮಾಡಬಹುದು.

ಇದನ್ನು ಕಂಡುಹಿಡಿದದ್ದು ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ, 1937ರಲ್ಲಿ, ಓಟೊ ಬಾಯರ್ ಅವರ ತಂಡ. ಅದು ಐಜಿ ಫಾರ್ಬೆನ್ ಕಂಪನಿಯ ಪ್ರಯೋಗಾಲಯ. ಹೆಸರು ಒಂದೇ ಆದರೂ ಬಾಯರ್ ಕಂಪನಿ ಕಟ್ಟಿದ ಮನೆತನಕ್ಕೂ ಇವರಿಗೂ ಸಂಬಂಧ ಇರಲಿಲ್ಲ. ಆಗ ಅಮೆರಿಕದ ಡುಪಾಂಟ್ ಕಂಪನಿ ನೈಲಾನ್ ಪೇಟೆಂಟ್ ಹಿಡಿದುಕೊಂಡು ಕೂತಿತ್ತು. ಆ ಪೇಟೆಂಟ್ ಮುಟ್ಟದೆ ಮುಂದೆ ಹೋಗಲು ಬೇರೆ ದಾರಿ ಬೇಕಿತ್ತು. ಮೊದಮೊದಲು ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಗುಳ್ಳೆಗಳು ಬಂದವು. ಸ್ವಿಸ್ ಚೀಸ್ ನಕಲು ಮಾಡಲು ಬೇಕಾದರೆ ಇದು ಆಗಬಹುದು ಅಂತ ಗೇಲಿ ಮಾಡಿದರಂತೆ. ಎಲ್ಲೋ ತೇವ ಸೇರಿಕೊಂಡು ಆ ಗುಳ್ಳೆ ಬಂದಿತ್ತು. ನೀವು ಮಲಗುವ ಹಾಸಿಗೆ ಹುಟ್ಟಿದ್ದು ಆ ದೋಷದಿಂದಲೇ.

ಈಗ ಎರಡು ಡಬ್ಬಗಳ ಒಳಗೆ ಇಣುಕೋಣ. ಅಣುಗಳಿಗೆ ಕೈಗಳಿವೆ ಅಂದುಕೊಳ್ಳಿ. ಪ್ರತಿ ಎನ್‌ಸಿಓ ಒಂದು ಕೈ, ಪ್ರತಿ ಓಎಚ್ ಒಂದು ಕೈ. ಎರಡೂ ಕಡೆಯವರಿಗೆ ಎರಡೆರಡೇ ಕೈ ಇದ್ದರೆ ಸಾಲಾಗಿ ಹಿಡಿದು ಉದ್ದ ಸರಪಳಿ ಆಗುತ್ತದೆ. ಮೊಬೈಲ್ ಕವರ್, ಹಿಗ್ಗುವ ಲೈಕ್ರಾ ದಾರ ಇಂಥವು. ಮೂರು ಕೈಯವರು ಸೇರಿದರೆ ಬಲೆ. ಎಂಟು ಕೈಯವರು ಸೇರಿದರೆ ಬಗ್ಗದ ಬಿರುಸು ಬಲೆ. ಕೈಯ ಲೆಕ್ಕ, ಆಮೇಲೆ ಕೈಗಳ ನಡುವಿನ ಮೈಯ ಉದ್ದ: ಮೆತ್ತಗೋ ಬಿರುಸೋ ಅನ್ನುವುದನ್ನು ಮುಖ್ಯವಾಗಿ ಇವೆರಡೇ ತೀರ್ಮಾನಿಸುತ್ತವೆ.

ಹಾಸಿಗೆ ಫೋಮಿನ ಪಾಲಿಯಾಲ್ ಮಾಡುವುದು ಗ್ಲಿಸರಿನ್‌ನಿಂದ. ಗ್ಲಿಸರಿನ್‌ಗೆ ಮೂರು ಓಎಚ್. ಸ್ವಲ್ಪ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಅದರ ಮೇಲೆ ಪ್ರೊಪಿಲೀನ್ ಆಕ್ಸೈಡನ್ನು ಮಣಿ ಪೋಣಿಸಿದಂತೆ ಪೋಣಿಸುತ್ತಾ ಹೋಗುತ್ತಾರೆ. ಅಣುತೂಕ ಸುಮಾರು 3000 ಆದಾಗ ನಿಲ್ಲಿಸುತ್ತಾರೆ. ನೋಡಲು ಹರಳೆಣ್ಣೆಗಿಂತ ತೆಳ್ಳಗಿನ, ಬಣ್ಣವಿಲ್ಲದ ಎಣ್ಣೆ. ಚೆನ್ನೈನ ಮಣಲಿಯಲ್ಲಿ ಇದರ ಕಾರ್ಖಾನೆ ಇದೆ. ಫ್ರಿಜ್ಜಿನ ಫೋಮಿಗೆ ಇದೇ ಕೆಲಸ, ಆದರೆ ಶುರು ಮಾಡುವುದು ಸಕ್ಕರೆಯಿಂದ. ಹೌದು, ಚಹಾಕ್ಕೆ ಹಾಕುವ ಸಕ್ಕರೆಯೇ. ಅದಕ್ಕೆ ಎಂಟು ಓಎಚ್. ಮೇಲೆ ಪೋಣಿಸುವ ಮಣಿಗಳೂ ಕಡಿಮೆ. ಕೈ ಜಾಸ್ತಿ, ಮೈ ಗಿಡ್ಡ, ಆದ್ದರಿಂದ ಫೋಮ್ ಬಿರುಸು.

ಇದಲ್ಲದೆ ಪಾಲಿಯೆಸ್ಟರ್ ಪಾಲಿಯಾಲ್ ಅಂತ ಇನ್ನೊಂದು ಜಾತಿ ಇದೆ. ಅಡಿಪಿಕ್ ಆಮ್ಲವನ್ನು ಗ್ಲೈಕಾಲ್ ಜೊತೆ ಕಾಯಿಸಿ, ನೀರು ತೆಗೆದು ಮಾಡುವುದು. ನಿಮ್ಮ ಶೂ ಕಥೆ ಇರುವುದು ಇಲ್ಲೇ. ಇಂಥ ಪಾಲಿಯಾಲ್‌ನಿಂದ ಮಾಡಿದ ಸೋಲ್ ಬೇಗ ಸವೆಯುವುದಿಲ್ಲ, ಬೇಗ ಹರಿಯುವುದಿಲ್ಲ, ಎಣ್ಣೆ ಜಿಡ್ಡಿಗೂ ಜಗ್ಗುವುದಿಲ್ಲ. ಆದರೆ ಎಸ್ಟರ್ ಅನ್ನುವುದು ನೀರು ತೆಗೆದು ಹಾಕಿದ ಗಂಟು. ನೀರು ವಾಪಸ್ ಸಿಕ್ಕರೆ ಆ ಗಂಟು ಬಿಚ್ಚಿಕೊಳ್ಳುತ್ತದೆ. ನಿಮ್ಮ ಕರಾವಳಿಯ ಸೆಕೆ, ಮಳೆಗಾಲದ ಗಾಳಿಯ ತೇವ ಸಾಕು, ಶೂ ಮೇಲೆ ಒಂದು ಹನಿ ನೀರೂ ಬೀಳಬೇಕಿಲ್ಲ. ಬಿಚ್ಚಿಕೊಂಡ ಪ್ರತಿ ಗಂಟಿನಿಂದ ಒಂದಿಷ್ಟು ಆಮ್ಲ ಹುಟ್ಟುತ್ತದೆ, ಆ ಆಮ್ಲ ಪಕ್ಕದ ಗಂಟು ಬಿಚ್ಚಲು ನೆರವಾಗುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಆಗದಂತೆ ಕಂಡು, ಆಮೇಲೆ ಒಮ್ಮೆಗೇ ರವೆಯ ಹಾಗೆ ಉದುರುತ್ತದೆ. ನೀವು ಹಾಕಿದ್ದು ನಾಲ್ಕೇ ಸಲ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡಬ್ಬದೊಳಗೆ ಕೂತೇ ಅದರ ಆಯಸ್ಸು ಕರಗುತ್ತಿತ್ತು. ಅಂಗಡಿಯವರು ಹೇಳಿದ್ದು ಅರ್ಧ ಸರಿ. ಪಿಯು ಆದ್ದರಿಂದ ಅಲ್ಲ, ಎಸ್ಟರ್ ಪಿಯು ಆದ್ದರಿಂದ. ನಿಮ್ಮ ಹಾಸಿಗೆ ಈಥರ್ ಜಾತಿಯದು, ಅಂದರೆ ಮೇಲೆ ಹೇಳಿದ ಗ್ಲಿಸರಿನ್ ಪಾಲಿಯಾಲ್‌ನದು, ಕುಂದಾಪುರದ ತೇವಕ್ಕೆ ಅದು ಹೀಗೆ ಪುಡಿಯಾಗುವುದಿಲ್ಲ. ಅದರ ಶತ್ರು ಬಿಸಿಲು ಮತ್ತು ಗಾಳಿ. ಹಳದಿ ತಿರುಗುವುದು ಅದಕ್ಕೇ.

ಇನ್ನು ಎರಡನೇ ಡಬ್ಬ, ಐಸೊಸಯನೇಟ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಬಳಕೆಯಲ್ಲಿರುವ ದೊಡ್ಡವು ಎರಡು: ಟಿಡಿಐ ಮತ್ತು ಎಂಡಿಐ. ಟಿಡಿಐ ಶುರುವಾಗುವುದು ಟಾಲ್ವೀನ್‌ನಿಂದ, ಥಿನ್ನರ್ ವಾಸನೆಯ ಆ ದ್ರವದಿಂದ. ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣದಿಂದ ಅದಕ್ಕೆ ಎರಡು ನೈಟ್ರೊ ಗುಂಪು ಹಚ್ಚುತ್ತಾರೆ. ಹೈಡ್ರೋಜನ್ ಹಾಯಿಸಿ ಅವನ್ನು ಅಮೈನ್ ಮಾಡುತ್ತಾರೆ. ಕೊನೆಗೆ ಆ ಅಮೈನ್ ಮೇಲೆ ಫಾಸ್ಜೀನ್ ಅನಿಲ. ಪ್ರತಿ ಟಿಡಿಐ ಅಣುವಿಗೆ ನಾಲ್ಕು ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತವೆ, ಅದನ್ನು ಹಿಡಿದು ಬೇರೆ ಕೆಲಸಕ್ಕೆ ಬಳಸುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವುದು ಸಾಮಾನ್ಯವಾಗಿ ಎರಡು ಬಗೆಯ ಟಿಡಿಐ 80ಕ್ಕೆ 20ರಂತೆ ಬೆರೆತದ್ದು. ನಮ್ಮ ದೇಶದಲ್ಲಿ ಗುಜರಾತಿನ ಜಿಎನ್‌ಎಫ್‌ಸಿ ಅನ್ನುವ ಕಂಪನಿ ಇದನ್ನು ಮಾಡುತ್ತದೆ. ಎಂಡಿಐದು ಬೇರೆ ದಾರಿ. ಅನಿಲೀನ್ ಮತ್ತು ಫಾರ್ಮಾಲ್ಡಿಹೈಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸೇರಿಸಿ ಒಂದು ಅಮೈನ್ ಮಿಶ್ರಣ ಮಾಡಿ, ಅದಕ್ಕೂ ಫಾಸ್ಜೀನ್ ಕೊಡುತ್ತಾರೆ. ಬಟ್ಟಿ ಇಳಿಸಿದರೆ ಎರಡು ಕೈಯ ಶುದ್ಧ ಎಂಡಿಐ ಬರುತ್ತದೆ. ಅದು ಶೂ ಸೋಲ್‌ಗೆ, ಲೈಕ್ರಾಗೆ. ತಳದಲ್ಲಿ ಉಳಿಯುವ ಕಂದು ಬಣ್ಣದ್ದಕ್ಕೆ ಎರಡು, ಮೂರು, ಕೆಲವಕ್ಕೆ ಇನ್ನೂ ಜಾಸ್ತಿ ಕೈ. ಅದು ಫ್ರಿಜ್ಜಿಗೆ ಹೋಗುತ್ತದೆ.

ಫಾಸ್ಜೀನ್ ಮೊದಲ ಮಹಾಯುದ್ಧದಲ್ಲಿ ಜನರನ್ನು ಕೊಂದ ವಿಷಾನಿಲ. ಅದನ್ನು ಟ್ಯಾಂಕರಿನಲ್ಲಿ ಊರೂರಿಗೆ ಒಯ್ಯುವುದಿಲ್ಲ. ಆ ದೊಡ್ಡ ಕಾರ್ಖಾನೆಗಳಲ್ಲೇ ಕಾರ್ಬನ್ ಮಾನಾಕ್ಸೈಡ್ ಮತ್ತು ಕ್ಲೋರಿನ್‌ನಿಂದ ಮಾಡಿ, ಅಲ್ಲೇ ಖರ್ಚು ಮಾಡುತ್ತಾರೆ. ಫೋಮ್ ಮಾಡುವವರ ಕೈಗೆ ಅದು ಬರುವುದೇ ಇಲ್ಲ. ಫಾಸ್ಜೀನೂ ಬೇಡ, ಐಸೊಸಯನೇಟೂ ಬೇಡ ಅಂತ ಬೇರೆ ದಾರಿ ಹುಡುಕುವವರು ಇದ್ದಾರೆ. ಎಪಾಕ್ಸಿ ವಸ್ತುಗಳಿಗೆ ಇಂಗಾಲದ ಡೈಆಕ್ಸೈಡ್ ಸೇರಿಸಿ ವರ್ತುಲ ಕಾರ್ಬೊನೇಟ್ ಮಾಡಿ, ಅದನ್ನು ಅಮೈನ್ ಜೊತೆ ಕೂಡಿಸಿದರೂ ಯುರೆಥೇನ್ ಗಂಟು ಬೀಳುತ್ತದೆ. ಓದಲು ಚೆಂದ. ಆದರೆ ಗಂಟು ಬೀಳುವುದು ನಿಧಾನ. ಎರಡು ನಿಮಿಷದಲ್ಲಿ ಉಬ್ಬಿ ನಿಲ್ಲಬೇಕಾದ ಹಾಸಿಗೆಗೆ ಅದು ಸದ್ಯಕ್ಕೆ ಉತ್ತರ ಅಂತ ನನಗೆ ಅನಿಸಿಲ್ಲ.

ಈಗ ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮಿಥೈಲ್ ಐಸೊಸಯನೇಟ್. ಕೀಟನಾಶಕ ಮಾಡಲು ಇಟ್ಟುಕೊಂಡದ್ದು. ಅದಕ್ಕಿರುವುದು ಒಂದೇ ಕೈ. ಒಂದೇ ಕೈಯಿಂದ ಸರಪಳಿ ಆಗುವುದಿಲ್ಲ ಅಲ್ವಾ, ಹಾಗಾಗಿ ಫೋಮಿಗೆ ಅದರಿಂದ ಉಪಯೋಗವಿಲ್ಲ. ಅದು ಕುದಿಯುವುದು 39 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನಕ್ಕೇ ಆವಿ. ಟಿಡಿಐ ಕುದಿಯಲು ಸುಮಾರು 250 ಡಿಗ್ರಿ ಬೇಕು. ಎಂಡಿಐ ಅಂತೂ ಸಾಮಾನ್ಯ ಬಿಸಿಯಲ್ಲಿ ತೀರಾ ಕಡಿಮೆ ಆವಿಯಾಗುತ್ತದೆ. ವ್ಯತ್ಯಾಸ ಇಷ್ಟು. ಹೋಲಿಕೆಯೂ ಒಂದಿದೆ. ಭೋಪಾಲದ ಟ್ಯಾಂಕಿಗೆ ನೀರು ಹೊಕ್ಕಿತು. ಐಸೊಸಯನೇಟಿಗೆ ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಜೊತೆಗೆ ಜೋರು ಶಾಖ. ಅಲ್ಲಿ ಊರು ಕೊಂದ ಕ್ರಿಯೆಗೂ ಹಾಸಿಗೆ ಉಬ್ಬಿಸುವ ಕ್ರಿಯೆಗೂ ಮೂಲ ಒಂದೇ. ಮುಚ್ಚಿದ ಟ್ಯಾಂಕಿನಲ್ಲಿ, ಬೇಡದ ಹೊತ್ತಿನಲ್ಲಿ, ಲೆಕ್ಕವಿಲ್ಲದೆ ನಡೆಯಿತು ಅನ್ನುವುದೇ ಭೇದ.

ಅಂದ ಹಾಗೆ, ಫೋಮಿನಲ್ಲಿ ನೀರನ್ನು ಬೇಕಂತಲೇ ಹಾಕುತ್ತಾರೆ. ಹಾಲು ಉಕ್ಕುವುದನ್ನು ನೋಡಿದ್ದೀರಲ್ಲ. ಉಕ್ಕಿ ಪಾತ್ರೆಯ ಅಂಚಿಗೆ ಬಂದ ಆ ಕ್ಷಣದಲ್ಲಿ ಹಾಲು ಹಾಗೇ ಗಟ್ಟಿಯಾಗಿಬಿಟ್ಟರೆ ಏನಾಗಬಹುದೋ, ಫೋಮ್ ಅದು. ಉಕ್ಕಿಸುವುದು ನೀರು ಮತ್ತು ಐಸೊಸಯನೇಟಿನ ಕ್ರಿಯೆ. ಗಟ್ಟಿಯಾಗಿಸುವುದು ಪಾಲಿಯಾಲ್ ಮತ್ತು ಐಸೊಸಯನೇಟಿನ ಕ್ರಿಯೆ. ಎರಡೂ ಒಂದೇ ಪಾತ್ರೆಯಲ್ಲಿ, ಒಂದೇ ಹೊತ್ತಿಗೆ ನಡೆಯಬೇಕು. ಉಕ್ಕು ಮೊದಲು ಮುಗಿದರೆ ಹಾಲಿನ ಹಾಗೇ ಕುಸಿಯುತ್ತದೆ. ಗಟ್ಟಿ ಮೊದಲಾದರೆ ಗುಳ್ಳೆಗಳ ಗೋಡೆ ಒಡೆಯುವುದಿಲ್ಲ, ಒಳಗಿನ ಅನಿಲ ತಣ್ಣಗಾದಾಗ ಇಡೀ ಬ್ಲಾಕ್ ಒಣಗಿದ ನೆಲ್ಲಿಕಾಯಿಯ ಹಾಗೆ ಮುದುಡುತ್ತದೆ.

ಈ ಎರಡನ್ನು ಸರಿದೂಗಿಸಲು ಎರಡು ಲಗಾಮು. ಅಮೈನ್ ವೇಗವರ್ಧಕ ಮುಖ್ಯವಾಗಿ ಉಕ್ಕನ್ನು ಚುರುಕು ಮಾಡುತ್ತದೆ. ತವರದ ವೇಗವರ್ಧಕ, ಸ್ಟ್ಯಾನಸ್ ಆಕ್ಟೊಯೇಟ್ ಅನ್ನುವುದು, ಗಟ್ಟಿಯಾಗುವುದನ್ನು ಚುರುಕು ಮಾಡುತ್ತದೆ. ಹೊಸ ಹಾಸಿಗೆ ಬಿಚ್ಚಿದಾಗ ಮೀನಿನ ಛಾಯೆಯ ವಾಸನೆ ಬಂದರೆ ಅಮೈನ್ ಮೇಲೆ ಅನುಮಾನ ಪಡಬಹುದು. ಇವೆರಡರ ಜೊತೆ ಸಿಲಿಕೋನ್. ಇದು ಗುಳ್ಳೆಗಳ ತೆಳು ಗೋಡೆ ಅರ್ಧದಲ್ಲೇ ಒಡೆಯದಂತೆ ಹಿಡಿದು ನಿಲ್ಲಿಸುತ್ತದೆ. ಉಬ್ಬು ಮುಗಿದ ಕ್ಷಣ ಗೋಡೆಗಳು ತಾವಾಗಿ ಒಡೆದು ಬ್ಲಾಕಿನ ಮೇಲೆಲ್ಲ ಸಣ್ಣ ಸಣ್ಣ ಉಸಿರು ಹೊರಬರುತ್ತದೆ. ನಾನು ಫೋಮ್ ಕೆಲಸದಲ್ಲಿದ್ದಾಗ, ಅದನ್ನು ನೋಡಿದ ಮೇಲೆ ನಾವು ಉಸಿರು ಬಿಡುತ್ತಿದ್ದೆವು.

ಅಳತೆಯ ಲೆಕ್ಕ ಕಷ್ಟವಲ್ಲ. ಪಾಲಿಯಾಲ್ ಡ್ರಮ್ಮಿನ ಮೇಲೆ ಓಎಚ್ ಸಂಖ್ಯೆ ಇರುತ್ತದೆ. 56,100ನ್ನು ಅದರಿಂದ ಭಾಗಿಸಿದರೆ ಒಂದು ಕೈಯ ತೂಕ ಸಿಗುತ್ತದೆ. ಹಾಸಿಗೆಯ ಪಾಲಿಯಾಲ್‌ಗೆ ಓಎಚ್ ಸಂಖ್ಯೆ 56, ಒಂದು ಕೈಗೆ ಸುಮಾರು 1000 ಗ್ರಾಂ. ಟಿಡಿಐಗೆ ಒಂದು ಕೈಗೆ 87 ಗ್ರಾಂ. ನೀರಿಗೆ ಬರೀ 9. ಈಗ 100 ಗ್ರಾಂ ಪಾಲಿಯಾಲ್, 4 ಗ್ರಾಂ ನೀರು ತೆಗೆದುಕೊಳ್ಳಿ. ಪಾಲಿಯಾಲ್‌ದು 0.1 ಕೈ, ನೀರಿನದು 0.444. ಒಟ್ಟು 0.544. ಅದನ್ನು 87ರಿಂದ ಗುಣಿಸಿದರೆ 47 ಗ್ರಾಂ ಟಿಡಿಐ. ಇದಕ್ಕಿಂತ ಶೇ. 5ರಷ್ಟು ಜಾಸ್ತಿ ಹಾಕಿದರೆ ಕಾರ್ಖಾನೆ ಭಾಷೆಯಲ್ಲಿ ಇಂಡೆಕ್ಸ್ 105. ನೋಡಿ, 100 ಗ್ರಾಂ ಪಾಲಿಯಾಲ್‌ಗಿಂತ 4 ಗ್ರಾಂ ನೀರೇ ನಾಲ್ಕು ಪಟ್ಟು ಟಿಡಿಐ ತಿನ್ನುತ್ತದೆ. ಆ 4 ಗ್ರಾಂ ನೀರಿನಿಂದ ಐದೂವರೆ ಲೀಟರಿನಷ್ಟು ಅನಿಲ ಹುಟ್ಟುತ್ತದೆ.

ಈ ಲೆಕ್ಕ ನನಗೆ ಪುಸ್ತಕದಿಂದ ತಲೆಗೆ ಹೋಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ, ಪಾಲಿಯಾಲ್ ಡ್ರಮ್ಮಿನ ಮುಚ್ಚಳ ಸಡಿಲ ಬಿಟ್ಟಿದ್ದೆ. ಪಾಲಿಯಾಲ್ ಗಾಳಿಯ ತೇವ ಹೀರುತ್ತದೆ ಅಂತ ಗೊತ್ತಿತ್ತು, ಆದರೆ ಎಷ್ಟು ಮಹಾ ಅಂದುಕೊಂಡೆ. ನೂರಕ್ಕೆ ಅರ್ಧ ಭಾಗ ನೀರು ಸೇರಿದರೂ ಸುಮಾರು 5 ಭಾಗ ಟಿಡಿಐ ಅದರ ಪಾಲಾಗುತ್ತದೆ. ಮಾರನೆಯ ದಿನ ಸುರಿದ ಬ್ಲಾಕ್ ಒಳಗೆ ಸೀಳಿತ್ತು, ಒತ್ತಿದರೆ ಸೊಪ್ಪೆ. ನಮ್ಮ ಮೇಸ್ತ್ರಿ ಏನೂ ಬೈಯಲಿಲ್ಲ. ಸುಮ್ನೆ ಆ ಮುಚ್ಚಳ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಐಸೊಸಯನೇಟ್ ಡ್ರಮ್ಮಿಗೆ ನೀರು ಸೇರಿದರೆ ಇನ್ನೂ ಕೆಟ್ಟದ್ದು. ಒಳಗೆ ಅನಿಲ ಹುಟ್ಟುತ್ತಲೇ ಇರುತ್ತದೆ. ಅಂಥ ಡ್ರಮ್ಮನ್ನು ಬಿಗಿಯಾಗಿ ಮುಚ್ಚಿದರೆ ಉಬ್ಬಿ ಸಿಡಿಯುತ್ತದೆ.

ಫ್ರಿಜ್ಜಿನಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಗುಳ್ಳೆಗಳು ಒಡೆಯಬಾರದು, ಒಳಗಿನ ಅನಿಲವೇ ತಂಪು ಕಾಯುವುದು. ಮೊದಲು ಸಿಎಫ್‌ಸಿ 11 ಹಾಕುತ್ತಿದ್ದರು. ಓಜೋನ್ ಪದರ ತೂತು ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹೋಯಿತು. ಬದಲಿಗೆ ಬಂದ ಎಚ್‌ಸಿಎಫ್‌ಸಿ 141ಬಿಯನ್ನೂ ಭಾರತ 2020ರ ಜನವರಿ 1ಕ್ಕೆ ನಿಲ್ಲಿಸಿತು. ಈಗ ಫ್ರಿಜ್ಜುಗಳಲ್ಲಿ ಜಾಸ್ತಿ ಬಳಸುವುದು ಸೈಕ್ಲೋಪೆಂಟೇನ್. ಓಜೋನ್‌ಗೆ ತೊಂದರೆಯಿಲ್ಲ, ಆದರೆ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ.

ಬಾಗಿಲ ಪಾಲಿಶ್ ಬಗ್ಗೆ ಒಂದೇ ಮಾತು. ಅಲ್ಲಿ ಗುಳ್ಳೆ ಬೇಡವೇ ಬೇಡ. ಬೇಸ್ ಮತ್ತು ಹಾರ್ಡ್‌ನರ್ ಅಂತ ಎರಡು ಡಬ್ಬ ತರುತ್ತಾರಲ್ಲ, ಹಾರ್ಡ್‌ನರ್ ಅಂದರೆ ಐಸೊಸಯನೇಟೇ. ಸುರಿಯುವ ಮಳೆಯಲ್ಲಿ ಪಾಲಿಶ್ ಹೊಡೆಸಬೇಡಿ, ಗುಳ್ಳೆ ಏಳಬಹುದು. ಟಿಡಿಐ ಆಧಾರದ್ದಾದರೆ ಬಿಸಿಲಿಗೆ ಹಳದಿ ತಿರುಗುತ್ತದೆ, ಎಚ್‌ಡಿಐ ಅನ್ನುವ ಇನ್ನೊಂದು ಐಸೊಸಯನೇಟ್ ಆಧಾರದ್ದಕ್ಕೆ ಬೆಲೆ ಜಾಸ್ತಿ ಆದರೆ ಬಣ್ಣ ಹಾಗೇ ಇರುತ್ತದೆ.

ನಿಮ್ಮ ಶೆಡ್ಡಿನ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕಾರಣ ಎರಡು. ಮೊದಲನೆಯದು ಉಸಿರು. ಐಸೊಸಯನೇಟ್ ಆವಿ ಕೆಲವರ ಮೈಯನ್ನು ಒಮ್ಮೆ ಕೆರಳಿಸಿಬಿಟ್ಟರೆ, ಆಮೇಲೆ ಮೂಗಿಗೂ ತಿಳಿಯದಷ್ಟು ಕಡಿಮೆ ಇದ್ದರೂ ಆಸ್ತಮಾ ಬರುತ್ತದೆ. ವಾಸನೆ ಬಂದಾಗ ಹೊರಗೆ ಹೋದರಾಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಾಸನೆ ಬರುವ ಹೊತ್ತಿಗೆ ಮಿತಿ ದಾಟಿರುತ್ತದೆ. ಯುರೋಪಿನಲ್ಲಿ 2023ರ ಆಗಸ್ಟ್‌ನಿಂದ, ತರಬೇತಿ ಪಡೆಯದವರು ಕೆಲಸದ ಜಾಗದಲ್ಲಿ ಇದನ್ನು ಮುಟ್ಟುವಂತೆಯೇ ಇಲ್ಲ.

ಎರಡನೆಯದು ಬೆಂಕಿ. ದೊಡ್ಡ ಬ್ಲಾಕ್ ಉಬ್ಬಿ ನಿಂತ ಮೇಲೂ ನಡುವಿನ ಬಿಸಿ ಏರುತ್ತಲೇ ಇರುತ್ತದೆ, 150 ಡಿಗ್ರಿ ದಾಟಬಹುದು. ಫೋಮ್ ಅಂದರೆ ಒಳ್ಳೆಯ ಕಂಬಳಿ, ಶಾಖ ಹೊರಬರಲು ಬಿಡುವುದಿಲ್ಲ. ನೀರು, ಟಿಡಿಐ ಅಳತೆ ಮೀರಿದ್ದರೆ ಮೊದಲು ನಡುಭಾಗ ಕಂದುತ್ತದೆ. ಆಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ, ರಾತ್ರಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಹೊಸ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ, ಬಿಡಿಬಿಡಿಯಾಗಿ ಇಟ್ಟು ರಾತ್ರಿಯಿಡೀ ಕಾವಲು ಕಾಯುತ್ತಾರೆ. ಹೊತ್ತಿದ ಫೋಮಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡೂ ಇರುತ್ತದೆ. ಮನೆ ಹಿಂದೆ ಇಟ್ಟುಕೊಳ್ಳುವ ವಸ್ತುವೇ ಅಲ್ಲ.

ಕುಶನ್ ವ್ಯಾಪಾರ ಮಾಡುವ ಆಸೆ ಇದ್ದರೆ ಬೇರೆ ದಾರಿ ಇದೆ. ತಯಾರಾದ ಬ್ಲಾಕ್ ಕೊಂಡು ತಂದು ಕತ್ತರಿಸಿ, ಹೊಲಿದು ಮಾರಿ. ಬ್ಲಾಕ್ ಕೊಳ್ಳುವಾಗ ದಪ್ಪ ನೋಡಬೇಡಿ, ತೂಗಿ ನೋಡಿ. ಒಂದು ಘನ ಮೀಟರಿಗೆ ಎಷ್ಟು ಕೆಜಿ ಅಂತ ಕೇಳಿ, ಕೂರುವ ಸೀಟಿಗೆ 32ಕ್ಕಿಂತ ಕಡಿಮೆಯದು ಬೇಡ. ಕತ್ತರಿಸಿ ಉಳಿದ ಚೂರುಗಳೂ ಹಾಳಾಗುವುದಿಲ್ಲ. ಅವನ್ನು ಎಂಡಿಐ ಅಂಟಿನಲ್ಲಿ ಕಲಸಿ, ಒತ್ತಿ, ಹಬೆ ಹಾಯಿಸಿ ರೀಬಾಂಡೆಡ್ ಹಾಸಿಗೆ ಮಾಡುವವರು ಕೊಳ್ಳುತ್ತಾರೆ. ಬಣ್ಣ ಬಣ್ಣದ ಚೂರುಗಳ ಆ ಗಟ್ಟಿ ಹಾಸಿಗೆ ನೋಡಿರುತ್ತೀರಿ.

ರಸಾಯನಶಾಸ್ತ್ರದ ಮೋಜೇ ಬೇಕಿದ್ದರೆ, ಹತ್ತಿರದ ಕಾಲೇಜಿನ ಪ್ರಯೋಗಾಲಯದಲ್ಲಿ, ಹೊಗೆ ಎಳೆಯುವ ಗೂಡಿನಲ್ಲಿ, ಗೊತ್ತಿದ್ದವರ ಕೈಯಿಂದ ಹರಳೆಣ್ಣೆಯ ಪ್ರಯೋಗ ಮಾಡಿಸಿ ನೋಡಿ. ಉತ್ತರ ಕರ್ನಾಟಕದವರು ಔಡಲೆಣ್ಣೆ ಅನ್ನುವುದು ಇದಕ್ಕೇ. ಅಡುಗೆಗೆ ಬಳಸುವ ಎಣ್ಣೆಗಳಲ್ಲಿ ಓಎಚ್ ಇರುವುದಿಲ್ಲ, ರಾಸಾಯನಿಕವಾಗಿ ಹಚ್ಚಬೇಕು. ಹರಳೆಣ್ಣೆ ಮಾತ್ರ ಗಿಡದಲ್ಲೇ ಪಾಲಿಯಾಲ್ ಆಗಿ ಬಂದದ್ದು. ಅದರ ಕೊಬ್ಬಿನ ಆಮ್ಲದಲ್ಲಿ ಹತ್ತಿರ ಹತ್ತಿರ ಶೇ. 90 ರಿಸಿನೋಲಿಕ್ ಆಮ್ಲ, ಪ್ರತಿಯೊಂದಕ್ಕೂ ಒಂದು ಓಎಚ್. ಓಎಚ್ ಸಂಖ್ಯೆ 160ರ ಆಸುಪಾಸು, ಅಂದರೆ ಒಂದು ಕೈಗೆ 350 ಗ್ರಾಂ. ಕಂದು ಎಂಡಿಐಗೆ ಒಂದು ಕೈಗೆ 135 ಗ್ರಾಂ. ಹಾಗಾಗಿ 100 ಗ್ರಾಂ ಎಣ್ಣೆಗೆ 38–39 ಗ್ರಾಂ ಎಂಡಿಐ. ಮೊದಲು ಎಣ್ಣೆಯ ತೇವ ಚೆನ್ನಾಗಿ ತೆಗೆಯಬೇಕು. ಮೆತ್ತನೆಯ ಹಾಸಿಗೆ ಬರುವುದಿಲ್ಲ, ಗಟ್ಟಿ ರಬ್ಬರಿನಂಥದು ಬರುತ್ತದೆ. ವಿದ್ಯುತ್ ಉಪಕರಣಗಳ ಒಳಗೆ ತಂತಿಗಳ ಸುತ್ತ ತುಂಬುವ ಮುದ್ದೆಯನ್ನು ಹೀಗೆ ಹರಳೆಣ್ಣೆಯಿಂದ ಮಾಡುವುದುಂಟು. ಹರಳೆಣ್ಣೆಯೂ ಎಸ್ಟರ್ ಅಲ್ವಾ, ತೇವಕ್ಕೆ ಬಿಚ್ಚಿಕೊಳ್ಳುವುದಿಲ್ಲವಾ ಅಂತ ನೀವು ಕೇಳಬಹುದು. ಅದರ ಉದ್ದನೆಯ ಕೊಬ್ಬಿನ ಸರಪಳಿ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಅಡಿಪಿಕ್ ಜಾತಿಗಿಂತ ಎಷ್ಟೋ ವಾಸಿ.

ಶೂ ಮೇಲ್ಭಾಗದ ಚರ್ಮ ಚೆನ್ನಾಗಿದ್ದರೆ ಎಸೆಯಬೇಡಿ, ಚಪ್ಪಲಿ ರಿಪೇರಿಯವರ ಹತ್ತಿರ ರಬ್ಬರ್ ಸೋಲ್ ಹಾಕಿಸಿ. ಮನೆಯಲ್ಲಿ ಅದೇ ಕಾಲದ ಬೇರೆ ಪಿಯು ಶೂ ಇದ್ದರೆ, ಮುಂದಿನ ಮದುವೆಗೆ ಹೊರಡುವ ಮುಂಚಿನ ದಿನ ಹಿಮ್ಮಡಿಯ ಅಂಚನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಗೆರೆ ಬಿಟ್ಟರೆ, ಅಂಟಂಟಾದರೆ, ಚಪ್ಪಲಿಯಲ್ಲೇ ಹೋಗಿ.